ನಾಲ್ಕನೇದು

ಏಸಿ ಬಂದ್ ಮಾಡಿ, ಎನ್ನುತ್ತಾನೆ ರೊಮೆಲ್
ಗಾಜಿನ ಆಚೆಯಿಂದ.
ಹಗಲೆಲ್ಲ ಮನಾಮದ ತಾರಸಿಗಳ ಮೇಲೆ
ಇಂಥವೇ ಡಬ್ಬಗಳ ಹೊಟ್ಟೆ ಬಿಚ್ಚಿ
ಗ್ಯಾಸು ತುಂಬಿ ಬಂದವನು ನಾನು.
ರಾತ್ರಿ ಗಂಟೆಗೆ ಎಂಟು ದಿನಾರು ಕೊಟ್ಟು
ಅದನ್ನೇ ಆರಿಸಿಕೊಂಡು ಬೇಯುತ್ತೇನೆ.
ಮೈಕಿಗೆ ಅದರ ಗೊರಕೆ ಕೇಳುತ್ತದಂತೆ.

ಸಲ್ಮಾಬಾದಿನ ಟೈರು ಅಂಗಡಿಯ ಬೆನ್ನಿಗೆ ನಮ್ಮ ಸ್ಟುಡಿಯೋ.
ಗೋಡೆ ತುಂಬ ಮೊಟ್ಟೆಯ ಟ್ರೇಗಳು,
ಮೂಲೆಯ ಕೋಲ್ಡ್ ಸ್ಟೋರಿನ ಕುಂಞಿಮೋನು
ವರ್ಷವಿಡೀ ಕೂಡಿಟ್ಟು ಕೊಟ್ಟದ್ದು.
ಮುನ್ನೂರ ಹನ್ನೊಂದು. ಎಣಿಸಿದ್ದೇನೆ.
ಟೇಕು ಟೇಕಿನ ನಡುವೆ ಬೇರೇನು ಮಾಡಲಿ.

ಆಗಸ್ಟು. ಸೆಕೆಗೆ ಗಿಟಾರಿನ ತಂತಿಯೂ ಸಡಿಲ.
ವಿನ್ಸಿ ಕ್ರಾಸ್ತಾ ಕಿವಿ ತಿರುಪುತ್ತಾನೆ, ಮತ್ತೆ ತಿರುಪುತ್ತಾನೆ,
ಆಸ್ಪತ್ರೆಯ ಬಿಲ್ಲಿನ ಕೌಂಟರಿನಲ್ಲಿ
ಹನ್ನೆರಡು ತಾಸು ನಕ್ಕ ಮುಖವನ್ನು
ಬಾಗಿಲ ಹೊರಗೆ ಬಿಚ್ಚಿಟ್ಟು.
ಉಮ್ಮರನ ಬೇಸಿಗೆ ನಾಲ್ಕು ತಂತಿ, ಒಂದು ಸಾಲದ್ದು.

ಮೊದಲು ಡ್ರಮ್ಮು. ಯಾವತ್ತೂ ಮೊದಲು ಡ್ರಮ್ಮೇ.
ಆದರೆ ಈ ಸಲದ ಅವಸರ ಬೇರೆ:
ಯತಿರಾಜನ ಕಂಪೆನಿ ಬಾಗಿಲು ಹಾಕಿದೆ,
ವೀಸಾ ಕ್ಯಾನ್ಸಲ್, ಬುಧವಾರ ಬೆಳಗ್ಗೆ ವಿಮಾನ.
ಒಂಬತ್ತು ಹಾಡು, ಒಂದೇ ರಾತ್ರಿ.

ಕಟಪಾಡಿಯಲ್ಲಿ ಹುಲಿವೇಷಕ್ಕೆ ತಾಸೆ ಬಡಿದ ಕೈ ಅದು.
ಕ್ಲಿಕ್ಕಿಗೂ ಅದಕ್ಕೂ ಮೊದಲಿನಿಂದಲೇ ಜಗಳ.
ಹೆಡ್‌ಫೋನಿನೊಳಗೆ ಟಿಕ್, ಟಿಕ್, ಟಿಕ್,
‘ಯಾರು ಮಾರಾಯ ಇವ, ನನ್ನ ಫೋರ್‌ಮ್ಯಾನಾ?’
ಎಂದವನು ಮೂರು ಹಾಡು ಅದರ ಮಾತು ಕೇಳಿದ.

ನಾಲ್ಕನೇದರಲ್ಲಿ ಓಡಿದ.
ನಾನು ಬರೆದದ್ದು: ಲೇಬರ್ ಕ್ಯಾಂಪಿಗೆ ಮರಳುವ ಬಸ್ಸು,
ಕಿಟಕಿಗೆ ತಲೆಯಿಟ್ಟು ನಿದ್ದೆ ಹೋದ ನಲವತ್ತು ಜನ.
ನಿಧಾನದ್ದು. ತುಂಬ ನಿಧಾನದ್ದು.
ಎರಡನೇ ಚರಣ ದಾಟುವಾಗ ಬಸ್ಸಿಗೆ ಬ್ರೇಕಿಲ್ಲ,
ಮಲಗಿದವರೆಲ್ಲ ಎದ್ದು ಸರಳು ಹಿಡಿದಿದ್ದಾರೆ.
ಕೋಲು ಮುರಿಯಿತು. ಸೊಂಟದಿಂದ ಇನ್ನೊಂದು ಎಳೆದ,
ಅಷ್ಟರಲ್ಲಿ ಒಂದು ಪೆಟ್ಟು ಬಿಟ್ಟುಹೋಯಿತು.
ನಿಲ್ಲಿಸು ಎಂದು ಯಾರೂ ಅನ್ನಲಿಲ್ಲ.

ಸುಬಹಿನ ಬಾಂಗಿಗೆ ಸರಿಯಾಗಿ ಒಂಬತ್ತನೇದು ಮುಗಿದಿತ್ತು.
ಟೈರುಗಳ ಮೇಲೆ ಕೂತು ಕಡಕ್ ಚಾ ಕುಡಿದೆವು.
ಯತಿರಾಜ ಅಂಗೈಯ ಬೊಬ್ಬೆ ತೋರಿಸಿ
‘ಇದಕ್ಕೆ ಲಗೇಜಿನಲ್ಲಿ ತೂಕ ಇಲ್ಲ’ ಎಂದ.
ಅಷ್ಟೇ. ಅಳು ಗಿಳು ಏನಿಲ್ಲ.
ಉಮ್ಮರ ಅವನನ್ನು ಮುಹರ್ರಕ್ಕೆ ಬಿಟ್ಟು
ಹಾಗೇ ಡ್ಯೂಟಿಗೆ ಹೋದ.

ಈಗ ಶುಕ್ರವಾರಗಳು.
ಸ್ಟೂಲು ಖಾಲಿ, ಕಿವಿಯೊಳಗೆ ಮಾತ್ರ ಬಡಿಯುತ್ತಾನೆ.
ರೊಮೆಲ್ ಪರದೆ ತೋರಿಸುತ್ತಾನೆ:
ನೀಲಿ ಗೀಟುಗಳು, ಗೀಟು ದಾಟಿ ನಿಂತ ಪೆಟ್ಟುಗಳು.
ಎಳೆದು ಸಾಲಿಗೆ ಕೂರಿಸಬಹುದು, ಹತ್ತೇ ನಿಮಿಷ,
ಹಲ್ಲಿನ ಡಾಕ್ಟರರ ಹಾಗೆ ಹೇಳುತ್ತಾನೆ, ನೋವಾಗುವುದಿಲ್ಲ.
ವಿನ್ಸಿ ಕೂರಿಸು ಅಂದ. ಉಮ್ಮರ ಬೇಡ ಅಂದ.
ಆ ಜಗಳಕ್ಕೇ ಹದಿನಾರು ದಿನಾರು.

ಕೊನೆಗೆ ಉಮ್ಮರ ಮಾತಾಡದೆ ಬೇಸು ಎತ್ತಿಕೊಂಡು
ಆ ಓಟದ ಹಿಂದೆ ಓಡಿದ,
ಬಿಟ್ಟುಹೋದ ಪೆಟ್ಟಿನ ಜಾಗದಲ್ಲಿ
ತಾನೂ ತಂತಿ ಮುಟ್ಟದೆ.
ವಿನ್ಸಿ ಬಯ್ಯುತ್ತಲೇ ಹಿಂಬಾಲಿಸಿದ.
ನಾನು ಹಾಡಿದೆ, ಉಸಿರು ಸಾಲದೆ
‘ಕಿಟಕಿ’ ಎಂಬಲ್ಲಿ ‘ಕಿಟ’ ಅಷ್ಟೇ ಬಂತು.
ಇರಲಿ ಅಂದರು.

ನಿನ್ನೆ ಅವನ ವಾಯ್ಸು ಬಂತು,
ಮಲ್ಪೆಯಲ್ಲಿ ಮೀನಿನ ಟೆಂಪೊ ಓಡಿಸುತ್ತಾನಂತೆ,
ಹಿಂದೆ ಯಾರೋ ಬಂಗುಡೆಯ ರೇಟು ಕೂಗುತ್ತಿದ್ದರು:
‘ಆ ನಾಲ್ಕನೇದು ಓಡಿದೆಯಲ್ಲ ಮಾರಾಯ,
ನೆನಸಿದ್ರೆ ನಾಚಿಕೆ ಆಗ್ತದೆ. ಸರಿ ಮಾಡಿದ್ರಾ?’

ಮಾಡಿದೆವು, ಎಂದು ಬರೆದೆ.
ಕಳಿಸು ಹಾಗಾದರೆ, ಅಂದ.

ಏಸಿ ಆರಿಸಿತ್ತು. ಫೋನಿನ ಗಾಜಿನ ಮೇಲೆ ನನ್ನದೇ ಬೆವರು,
ಬೆರಳು ಎಲ್ಲಿ ಒತ್ತಿದರೂ ಜಾರುತ್ತಿತ್ತು.