ಮೀನು ಹುಡುಕುವ ಪೆಟ್ಟಿಗೆ

ಬೈತಖೋಲದಲ್ಲಿ ಬೋಟುಗಳೆಲ್ಲ ಹಗ್ಗ ಬಿಗಿದುಕೊಂಡು
ಎರಡು ತಿಂಗಳ ರಜೆಗೆ ನಿಂತ ಮೇಲೆ
ಫಿಶ್‌ಫೈಂಡರ್ ರಿಪೇರಿಯವನಿಗೆ ಎಂತ ಕೆಲಸ?

ಹಿತ್ತಿಲ ಪಪಾಯಿಯನ್ನು ಯಾರೋ ಒಳಗಿಂದ ತಿಂದು
ಸಿಪ್ಪೆಯನ್ನು ಮಾತ್ರ ಮರದಲ್ಲೇ ತೂಗುಬಿಟ್ಟಿದ್ದರು,
ಮನೆ ಖಾಲಿ ಮಾಡಿದ ಬಾಡಿಗೆಯವರ ಹಾಗೆ, ಅಚ್ಚುಕಟ್ಟಾಗಿ.
"ಇಲಿ" ಅಂದಳು ಅಕ್ಕ.
"ಇಲಿಗೆ ಇಷ್ಟು ಶಿಸ್ತಿಲ್ಲ" ಅಂದೆ.

ಸತ್ತ ಫಿಶ್‌ಫೈಂಡರಿನ ಹೊಟ್ಟೆ ಬಗೆದು
ಅಂಗೈಯಗಲದ ಕಂಪ್ಯೂಟರನ್ನು ಕೂರಿಸಿದೆ.
ಗಾಜಿನ ಸುತ್ತ ಸಿಲಿಕೋನು, ತಿರುಪಿಗೆಲ್ಲ ಗ್ರೀಸು.
ನಮ್ಮ ಕೋಡಿಬಾಗದ ಗಾಳಿ
ಕಬ್ಬಿಣವನ್ನೂ ಉಪ್ಪಿನಕಾಯಿ ಹಾಕಿ ತಿನ್ನುತ್ತದೆ.
ಬಚ್ಚಲ ಕಿಟಕಿಯಿಂದ ಕೇಬಲ್ಲು ಒಳಗೆ,
ಅಲ್ಲಿಂದ ಅಡುಗೆಮನೆ ಅಟ್ಟದ ಹಾರ್ಡ್‌ಡಿಸ್ಕಿಗೆ,
ಒಣಮೀನಿನ ಡಬ್ಬಿಯ ಪಕ್ಕ.

ಅಂಗಡಿಯ ಹುಡುಗ ಹೇಳಿದ್ದ:
ಫೋಟೊ ಎಲ್ಲ ಮೋಡದಲ್ಲಿಡಿ ಅಂಕಲ್, ತಿಂಗಳಿಗೆ ಇಷ್ಟು ಅಂತ.
ಮೋಡವನ್ನಾ!
ನಮ್ಮಪ್ಪ ಅದನ್ನು ಒಂದೇ ಸಲ ನಂಬಿದ್ದು.
ಮೂರು ದಿನದ ಮೇಲೆ ದೋಣಿ ಮಾಜಾಳಿಯಲ್ಲಿ ಸಿಕ್ಕಿತು,
ಅಪ್ಪ ಗೋವೆಯ ಬಸ್ಸಿನಿಂದ ಇಳಿದ, ಬೈಯುತ್ತ.
ನನ್ನ ಹಿತ್ತಿಲ ರಾತ್ರಿ ನನ್ನ ಅಟ್ಟದಲ್ಲೇ ಇರಲಿ.

ಮೊದಲ ರಾತ್ರಿ ನಾನೂರ ಹನ್ನೆರಡು ಫೋಟೊ.
ನಾನೂರ ಹನ್ನೆರಡೂ ಬಾಳೆಯೆಲೆ.
ಗಾಳಿ ಬಂದಾಗೆಲ್ಲ ಪೆಟ್ಟಿಗೆ ಬೆಚ್ಚಿಬಿದ್ದಿತ್ತು
ಹೊಸ ವಾಚ್‌ಮನ್ನಿನ ಹಾಗೆ. ಸೆನ್ಸರಿನ ಕಿವಿ ಹಿಂಡಿದೆ.
ಎರಡನೆಯ ರಾತ್ರಿ ಏಡಿ, ಪಾವ್ಲಿನ್ ಬಾಯಿಯ ಬೆಕ್ಕು.
ಮೂರನೆಯದರಲ್ಲಿ, ಪಪಾಯಿ ಮರವನ್ನು ತಬ್ಬಿಕೊಂಡು,
ಕಬ್ಬೆಕ್ಕು! ಕಣ್ಣೆರಡೂ ಸುಣ್ಣದ ಚುಕ್ಕಿ.
ನೋಡು ಬಾ ಅಂತ ಕೂಗಿದೆ.
"ಇಲಿಯೇ. ಸ್ವಲ್ಪ ದೊಡ್ಡದು" ಅಂದಳು ಅಕ್ಕ.

ಆಮೇಲೆ ಅದು. ಮೂರು ಗಂಟೆ ಹತ್ತು ನಿಮಿಷ.
ಮಳೆ ಹೊಳವಾಗಿತ್ತು.
ಬಟ್ಟೆ ಒಗೆಯುವ ಕಲ್ಲಿನ ಮೇಲೆ ಏನೋ ಕೂತಿತ್ತು.
ಯಂತ್ರ ಯೋಚಿಸಿ ಬರೆದಿತ್ತು:
ದನ, ನೂರಕ್ಕೆ ಐವತ್ನಾಲ್ಕು.
ಅಕ್ಕ.
ಕೂದಲು ಬಿಚ್ಚಿದೆ. ಮಡಿಲಲ್ಲಿ ಬಿಂಬಲಿ, ಉಪ್ಪಿನ ಕರಟ.
ಕಚ್ಚುತ್ತಾಳೆ, ಮುಖ ಹಿಂಡುತ್ತಾಳೆ,
ಮುಂದಿನ ಫೋಟೊದಲ್ಲಿ ಇನ್ನೊಂದು ಕಾಯಿ.
ಇಪ್ಪತ್ತಾರು ಫೋಟೊ, ನಲವತ್ತು ನಿಮಿಷ.
ದಿನಾ ಬೆಳಿಗ್ಗೆ ಚಾ ಸೋಸುತ್ತ ಅವಳು ಹೇಳುವ ಮಾತು:
"ನಂಗೇನೋ, ತಲೆ ಇಟ್ಟರೆ ಬೆಳಗೇ."

ಮೂವತ್ತು ವರ್ಷ ಪರದೆಯ ಮೇಲೆ ಬೆರಳಿಟ್ಟು
ನೀರಡಿಯದನ್ನು ತೋರಿಸಿಕೊಟ್ಟಿದ್ದೇನೆ,
ಇದು ಬಂಗಡೆಯ ಹಿಂಡು, ಇದು ಬರೀ ಕಲ್ಲು ಅಂತ.
ಬಲೆ ಬಿಡಬೇಕೋ ಬೇಡವೋ
ಅಂತ ಒಬ್ಬನೂ ನನ್ನನ್ನು ಕೇಳಿರಲಿಲ್ಲ.

ಅಟ್ಟಕ್ಕೆ ಏಣಿ ಹಾಕಿ ಹತ್ತಿ ಇಪ್ಪತ್ತಾರನ್ನೂ ಅಳಿಸಿದೆ.
ಬೇರೆ ಎಲ್ಲೂ ಇನ್ನೊಂದು ಪ್ರತಿಯಿಲ್ಲ.
ಪೆಟ್ಟಿಗೆಯ ಮುಖವನ್ನು ಗೇಣಷ್ಟು
ಪಪಾಯಿಯ ಕಡೆ ತಿರುಗಿಸಿದೆ.
"ಎಂತ ಬಂದಿತ್ತಾ ನಿನ್ನೆ?"
"ದನ" ಅಂದೆ.
ಚಾ ಸೋಸುವ ಕೈ ಒಂದು ಗಳಿಗೆ ನಿಂತಿತು.

ಮರುದಿನ ತೊಂಬತ್ತೊಂದು ಫೋಟೊ:
ಗಾಜಿನ ಎದುರಿನ ಹಲಗೆಯ ಮೇಲೆ
ಉದ್ದಕ್ಕೆ ಸೀಳಿದ ಒಂದು ಬಿಂಬಲಿ, ಉಪ್ಪು ಸವರಿದ್ದು.
ಹತ್ತಿರ ಬಂದು, ಮೂಸಿ, ಹಿಂದೆ ಸರಿಯುವ ಇರುವೆಗಳು.
ಯಂತ್ರ ಬರೆದಿತ್ತು: ಗೊತ್ತಿಲ್ಲ.

ಅಲ್ಲೇ ನಿಂತು ತಿಂದೆ. ಹುಳಿ, ಮಾರಾಯ,
ಹಲ್ಲಿನ ಬೇರಿನವರೆಗೂ.
ಮುಖ ಹಿಂಡಿದ ನನ್ನದೂ ಒಂದು ಫೋಟೊ ಬಿತ್ತು.
ಅದನ್ನು ಅಳಿಸಿಲ್ಲ.