ಒಂದು ಕಾಗದ ಹೋಗಿದೆ

ಗುತ್ತಲು ರಸ್ತೆಯ ಮೇಲ್ಮಹಡಿಯಲ್ಲಿ ನಮ್ಮ ಕಚೇರಿ:
ಮೂರು ಮೇಜು, ಒಂದು ಫ್ಯಾನು,
ಗಾಳಿ ತಿರುಗಿದರೆ ಸಕ್ಕರೆ ಕಾರ್ಖಾನೆಯ ಕಾಕಂಬಿ ವಾಸನೆ.
ಕಣ್ಣಾಸ್ಪತ್ರೆಯೊಂದಕ್ಕೆ ಇಮೇಲು ಕಳಿಸುವ ಕೆಲಸ.
ನಾನು ಕಳಿಸುವವಳಲ್ಲ.
ಕಳಿಸಿದಂತೆ ಮಾಡಿ, ಹೋಯಿತೇ ಎಂದು ಕೇಳುವವಳು.

ಅದಕ್ಕೊಬ್ಬ ರೋಗಿ ಬೇಕಿತ್ತು. ಜವನಮ್ಮನನ್ನು ಮಾಡಿಕೊಂಡೆ.
ವಯಸ್ಸು ಅರವತ್ತೊಂದು. ಎಡಗಣ್ಣಿಗೆ ಪೊರೆ.
ವಿಳಾಸ: ಜವನಮ್ಮ ಅಟ್ ಎಕ್ಸಾಂಪಲ್ ಡಾಟ್ ಕಾಮ್.
ಉದಾಹರಣೆ ಎಂಬ ಊರು ಅದು.
ಅಲ್ಲಿಗೆ ಬಸ್ಸಿಲ್ಲ,
ಅಲ್ಲಿ ಯಾರೂ ಹುಟ್ಟಿಲ್ಲ,
ಅಲ್ಲಿಂದ ಯಾರೂ ಮರು ಓಲೆ ಬರೆದಿಲ್ಲ.

ದಿನಕ್ಕೆ ನಲವತ್ತು ಸಲ ಅವಳಿಗೆ ಬರೆಯುತ್ತೇನೆ:
"ನಾಳೆ ಬೆಳಿಗ್ಗೆ 10 ಗಂಟೆಗೆ ಬನ್ನಿ.
ತಿಂಡಿ ತಿಂದು ಬನ್ನಿ. ಕಣ್ಣಿಗೆ ಹನಿ ಹಾಕುತ್ತಾರೆ,
ಜೊತೆಗೆ ಒಬ್ಬರನ್ನು ಕರೆತನ್ನಿ."
ಕಾಗದ ತಂತಿ ಹತ್ತುವುದಿಲ್ಲ.
ಚೌಕಟ್ಟಿನೊಳಗೇ ಒಂದು ತಟ್ಟೆ,
ಯಂತ್ರದ ನೆನಪಿನಲ್ಲಷ್ಟೇ ಇರುವ ತಟ್ಟೆ,
ಅದರಲ್ಲಿ ಬೀಳುತ್ತದೆ.
ಎಣಿಸುತ್ತೇನೆ: ಒಂದು.
ಒಂದಿರಬೇಕಿತ್ತು, ಒಂದಿದೆ. ಹಸಿರು ಚುಕ್ಕೆ.
ಮರುಗಳಿಗೆ ತಟ್ಟೆ ತೊಳೆದಿಟ್ಟಂತೆ ಖಾಲಿ,
ಜವನಮ್ಮನೂ ಇಲ್ಲ.
ಮುಂದಿನ ಪರೀಕ್ಷೆಗೆ ಮತ್ತೆ ಹುಟ್ಟುತ್ತಾಳೆ
ಅದೇ ಅರವತ್ತೊಂದಕ್ಕೆ, ಅದೇ ಪೊರೆಯೊಡನೆ.

ಕಟ್ಟಡ ಬೋರಲಿಂಗಯ್ಯನವರದು.
ಮೂವತ್ತಾರು ವರ್ಷ ಸೈಕಲ್ಲಿನಲ್ಲಿ ಅಂಚೆ ಹಂಚಿದವರು.
ಬಾಡಿಗೆಗೆಂದು ಮೆಟ್ಟಿಲು ಹತ್ತಿ ಬಂದು ಪರದೆಗೆ ಬಗ್ಗಿದರು.
"ಏನವ್ವ ಇದು, ಅಸ್ರು?"
"ಕಾಗದ ಹೋಗಿದೆ ಅಂತ."
"ಎಲ್ಲಿಗೆ?"
"ಎಲ್ಲಿಗೂ ಇಲ್ಲ."
ನಗಲಿಲ್ಲ ಅವರು.
ಯಾವುದೋ ರಿಜಿಸ್ಟರ್ ಕವರು ಹೊತ್ತು
ಮೂರು ದಿನ ಕೆರಗೋಡಿನ ಸುತ್ತ ತಿರುಗಿ
"ವಿಳಾಸದಾರರಿಲ್ಲ" ಎಂದು ಷರಾ ಬರೆದದ್ದು ಹೇಳಿದರು,
ಬರೆಯುವಾಗ ಕೈ ನಡುಗಿದ್ದು.
"ಓಯ್ತು ಅನ್ನೋದೇ ಬ್ಯಾರೆ ಕನವ್ವ,
ಸೇರ್ತು ಅನ್ನೋದೇ ಬ್ಯಾರೆ."
ಆಮೇಲೆ ಬಾಗಿಲಲ್ಲಿ ತಿರುಗಿ ನಿಂತು:
"ವಡ್ದು ನೋಡಿದ್ಯಾ?"

ಒಡೆದು ನೋಡಿರಲಿಲ್ಲ.

ತಟ್ಟೆಯಿಂದ ತೆಗೆದೆ, ಬಿಡಿಸಿದೆ.
?????? ???????? 10 ???????? ?????
ಸಾಲಿಗೆ ಸಾಲು ಬರೀ ಕೊಕ್ಕೆಗಳು,
ನಡುವೆ ಬೋಳು ಬಾಯಲ್ಲಿ ಉಳಿದೆರಡು ಹಲ್ಲಿನಂತೆ ಆ ಅಂಕಿ.
ಎಷ್ಟು ದಿನದಿಂದ ಹೀಗೋ.
ಎಣಿಕೆ ಮಾತ್ರ ಒಂದು ದಿನವೂ ತಪ್ಪಿಲ್ಲ.
ಪೊರೆ ಬಂದ ಕಣ್ಣಿಗೆ
ಪೊರೆ ಬಂದ ಕಾಗದ.

"ನಾನು ಒಂದ್ ಕಾಗ್ದಾನೂವೆ ವಡ್ದೋನಲ್ಲ" ಅಂದಿದ್ದರು,
"ಓದಕ್ ಬರ್ದೋರು ಓದ್ಕೊಡಪ್ಪ ಅಂದ್ರೆ ಮಾತ್ರ.
ಅದೂವೆ ಜಗ್ಲಿ ಮ್ಯಾಲೆ ಕೂತು, ಮೆಲ್ಲಗೆ,
ಅಳೋ ಜಾಗ ಬಂದ್ರೆ ವಸಿ ನಿಲ್ಸಿ."
ಒಡೆಯದಿರುವುದು ಅವರ ಧರ್ಮ.
ನನಗೆ ಸಂಬಳ ಬರುವುದು ಒಡೆಯುವುದಕ್ಕೆ.
ಪರೀಕ್ಷೆಗೆ ಎರಡನೆಯ ಸಾಲು ಬರೆದೆ:
ಕಾಗದದೊಳಗೆ "ಕರೆತನ್ನಿ" ಎಂಬ ಪದ ಇರಬೇಕು.
ಓಡಿಸಿದೆ. ಕೆಂಪು.
ಮನೆಯ ಹಿರಿಯರು ಕೊನೆಗೂ ಬೈದಂತೆ ಹಾಯೆನಿಸಿತು.
ಎರಡು ಗಂಟೆ ಬೇಕಾಯಿತು ಗಂಟು ಸಿಗಲು.
ಣಕಾರಕ್ಕೆ ಅದರ ಒತ್ತು ಬಂದು ಕೂತು
ಕಣ್ಣು ಕಣ್ಣಾಯಿತು. ಹಸಿರು.

ಹೊರಡುವ ಮುಂಚೆ ಇನ್ನೊಮ್ಮೆ ಓದಿದೆ, ಮೆಲ್ಲಗೆ.
ಜೊತೆಗೆ ಒಬ್ಬರನ್ನು ಕರೆತನ್ನಿ.
ಯಾರನ್ನು?
ಅವಳಿಗೆ ಪೊರೆ ಕೊಟ್ಟಿದ್ದೆ, ರಕ್ತದ ಗುಂಪು ಕೊಟ್ಟಿದ್ದೆ,
ಹತ್ತು ಸೊನ್ನೆಗಳ ಫೋನು ಕೊಟ್ಟಿದ್ದೆ.
ಜನ ಕೊಟ್ಟಿರಲಿಲ್ಲ.
ಕೆಳಗೆ ಸೇರಿಸಿದೆ:
ಹೊಂಬಾಳಮ್ಮ, ಐವತ್ತೆಂಟು, ಪಕ್ಕದ ಮನೆ,
ಎರಡು ಕಣ್ಣೂ ಚೆನ್ನಾಗಿವೆ.

ಬೆಳಿಗ್ಗೆ ತನ್ವೀರ್ ಕೇಳಿದ:
"ಈ ಸಾಲು ಯಾವ ಪರೀಕ್ಷೆಗೂ ಬೇಕಿಲ್ಲವಲ್ಲ, ತೆಗೆಯಲಾ?"
ಗಾಳಿ ತಿರುಗಿತ್ತು, ಕಾಕಂಬಿ.
"ಇರಲಿ ಬಿಡು" ಅಂದೆ.
"ಹತ್ತು ಗಂಟೆಗೆ ಹೊರಡಬೇಕು ಅವರು."