ಬೀಗದಕೈ ಎದುರುಮನೆಯಲ್ಲಿ

ಡಿಸೆಂಬರಿನ ಕೊನೆಯ ಶನಿವಾರ. ಲೀತ್ ಬಂದರಿನ ಕಡೆಯಿಂದ ಗಾಳಿ.
ಕೋಟಿನ ಜೇಬುಗಳನ್ನು ಮೇಜಿನ ಮೇಲೆ ಕವುಚಿದ್ದೇನೆ:
ಒಂದು ಪೋಲಿಷ್ ಬಿಲ್ಲೆ, ಟ್ರಾಮಿನ ಚೀಟಿ ಎರಡು,
ಯಾವ ಊರಿನದೋ ಮರೆತುಹೋದ ಸಕ್ಕರೆ ಪೊಟ್ಟಣ,
ಚಿಟಿಕೆ ಮರಳು. ಇದು ಮಾಲ್ಟಾದ್ದೇ ಇರಬೇಕು,
ಉಳಿದೆಡೆ ನನಗೆ ಸಿಕ್ಕಿದ್ದು ಮಳೆ.

ಐದು ಸಲ ಹೋದೆ ಈ ವರ್ಷ.
ಕನ್ನಡಕದಂಗಡಿಯಲ್ಲಿ ರಜೆ ಕೊಡುವುದು
ಜಿಪುಣರ ಮನೆಯಲ್ಲಿ ಬ್ರೆಡ್ಡಿಗೆ ಬೆಣ್ಣೆ ಸವರಿದಂತೆ,
ಅಂಚು ಮುಟ್ಟುವುದಿಲ್ಲ.
ಶುಕ್ರವಾರ ಬೆಳಗಿನ ಜಾವ ಮೂರಕ್ಕೆ ಅಲಾರಂ,
ಸೋಮವಾರ ರಾತ್ರಿ ಅದೇ ಅರವತ್ತೆರಡು ಮೆಟ್ಟಿಲು.
ಹೋದ ಪುಟ್ಟ, ಬಂದ ಪುಟ್ಟ.

ಬರ್ಗೆನ್ ನೋಡಿದೆನೆಂದು ಹೇಳಲಾರೆ.
ಮೋಡ ನೋಡಿದೆ. ಅದರೊಳಗೆ ಬೆಟ್ಟವಿದೆ ಎಂದರು, ನಂಬಿದೆ.
ಪೋರ್ಟೊದಲ್ಲಿ ಶೀನಾಳ ಜೊತೆ ಜಗಳ, ಒಂದು ನಕ್ಷೆಯ ಸಲುವಾಗಿ;
ಅವಳು ನದಿಯ ಆ ದಡ, ನಾನು ಈ ದಡ,
ಇಬ್ಬರೂ ಒಂದೇ ಸೇತುವೆಯ ಫೋಟೊ ತೆಗೆದೆವು.
ಅವಳದು ಚೆನ್ನಾಗಿ ಬಂದಿದೆ. ಇನ್ನೂ ಹೇಳಿಲ್ಲ.
ಗ್ಡಾನ್ಸ್ಕ್‌ನಲ್ಲಿ ಅಂಬರ್ ಮಾರುವ ಮುದುಕಿ
ಹಳದಿ ಹರಳೊಳಗೆ ಸಿಕ್ಕಿಕೊಂಡ ನೊಣ ತೋರಿಸಿ ಏನೋ ಅಂದಳು.
ಬೆಲೆ ಇರಬೇಕೆಂದು ತಲೆಯಾಡಿಸಿ ಮುಂದೆ ನಡೆದೆ.
ವಿಮಾನ ಏರಿದ ಮೇಲೆ ಅನಿಸಿತು,
'ಇದಕ್ಕೂ ಹೀಗೇ ಅವಸರವಿತ್ತು' ಅಂದಿರಬಹುದು.
ಗೆಂಟ್‌ನಲ್ಲಿ ನೆಗಡಿ. ಅಷ್ಟೇ.

ಆದರೆ ಬರೆಯ ಹೊರಟದ್ದು ಇದನ್ನಲ್ಲ.

ಐದು ಸಲವೂ ಬೀಗದಕೈ ಎದುರುಮನೆಯ ಗಿಲ್‌ಫಿಲನ್ನರ ಹತ್ತಿರ.
ಮರಳಿ ಬಂದರೆ ಮೇಜಿನ ಮೇಲೆ, ಗ್ಯಾಸ್ ಬಿಲ್ಲಿನ ಲಕೋಟೆಯ ಬೆನ್ನಲ್ಲಿ,
ಬಡಗಿ ಪೆನ್ಸಿಲಿನ ದಪ್ಪ ಅಕ್ಷರ:

'ಶುಕ್ರ: ಕರ್ನಲ್ ಅರ್ಧ ತಿಂದ. ಮುನಿಸು.
ಶನಿ: ಪೂರ್ತಿ ತಿಂದ. ನಿನ್ನ ಮರೆತ ಅಂತ ಕಾಣುತ್ತೆ ಬೆಕ್ಕು.
ಭಾನು: ನಿನ್ನ ಕಿಟಕಿಗೆ ಹಡಗು ಕಾಣುತ್ತೆ, ನನ್ನದಕ್ಕೆ ಕಾಣೋಲ್ಲ.
ಒಂದು ಗಂಟೆ ಕೂತಿದ್ದೆ. ತಪ್ಪು ತಿಳೀಬೇಡ.'

ಮೂವತ್ತೊಂದು ವರ್ಷ ಬಂದರಿನಲ್ಲಿ ಕ್ರೇನು ನಡೆಸಿದವರು.
ಪೆಟ್ಟಿಗೆಗಳ ಮೈಮೇಲೆ ಬರ್ಗೆನ್ ಎಂದು, ಓಪೋರ್ಟೊ ಎಂದು
ಓದಿ ಓದಿ ಎತ್ತಿ ಇಳಿಸಿದವರು;
ತಾವು ಮಾತ್ರ ನೆಲ ಬಿಟ್ಟು ಎಪ್ಪತ್ತು ಅಡಿಗಿಂತ
ದೂರ ಹೋಗಲಿಲ್ಲ.

ಈಗ ಐದೂ ಲಕೋಟೆ ಸಾಲಾಗಿ ಇಟ್ಟು ಓದುತ್ತೇನೆ.
ಫೆಬ್ರವರಿ: ಕೆಳಮನೆಯವರಿಗೆ ಹೆಣ್ಣುಮಗು, ರಾತ್ರಿ ಎರಡಕ್ಕೆ, ಹಿಮ.
ಏಪ್ರಿಲ್: ಮೆಟ್ಟಿಲ ದೀಪ ಕೆಟ್ಟಿದೆ. ಮಗು ಅಳುತ್ತೆ, ಒಳ್ಳೆ ಗಂಟಲು.
ಜೂನ್: ನನ್ನ ಟೋಪಿ ನೋಡಿ ನಕ್ಕಿತು.
ಸೆಪ್ಟೆಂಬರ್: ಆತುಕೊಳ್ಳದೆ ಕೂರುತ್ತೆ.
ನವೆಂಬರ್: ಮೆಟ್ಟಿಲ ಕಡೆ ತೆವಳುತ್ತೆ, ಯಾರಾದರೂ ಗೇಟು ಹಾಕಿಸಿ.

ನಾನಿಲ್ಲದ ಹದಿನೈದು ರಾತ್ರಿಗಳಲ್ಲಿ
ಒಂದು ಮಗು ಇಷ್ಟು ಬೆಳೆದಿದೆ.
ನಾನಿದ್ದ ಮುನ್ನೂರೈವತ್ತರಲ್ಲಿ
ಅದರ ಹೆಸರು ಕೇಳಿಲ್ಲ.

ನಿನ್ನೆ ಬಾಗಿಲು ತಟ್ಟಿದರು ಮುದುಕರು,
ಕೈಯಲ್ಲಿ ಪಾಸ್‌ಪೋರ್ಟ್ ಅರ್ಜಿ, ನಾಲ್ಕು ಫೋಟೊ.
'ನಗಬಾರದಂತೆ,' ಅಂದರು. 'ನಕ್ಕೇ ಇರಲಿಲ್ಲ. ಎರಡು ಸಲ ತೆಗೆದ.'
ಮಾರ್ಚಿನಲ್ಲಿ ಪೋರ್ಟೊ, ನಾಲ್ಕು ರಾತ್ರಿ.
ಮೂರು ಸಾಲದು ಅಂತ ನನ್ನ ನೋಡಿ ತಿಳಿಯಿತಂತೆ.

ಬಿಲ್ಲೆ, ಚೀಟಿ, ಮರಳಿನ ನಡುವೆ ಈಗ ಅವರ ಬೀಗದಕೈ.
ಗಿಳಿಗೆ ಎರಡು ಹೊತ್ತು ಕಾಳು, ರಾತ್ರಿ ಬಟ್ಟೆ ಮುಚ್ಚಬೇಕು.
ಲಕೋಟೆಯೊಂದನ್ನು ತೆಗೆದಿಟ್ಟಿದ್ದೇನೆ.

ಅವರ ಕಿಟಕಿಯಿಂದ ಏನು ಕಾಣುತ್ತದೋ,
ಈ ಹನ್ನೊಂದು ವರ್ಷದಲ್ಲಿ ನಾನು ನೋಡಿಲ್ಲ.